ಕಕ್ಕಸಿನ ಬೀಗದ ಕೈ

ನೌಕರಿಗೆ ಸೇರಿದ ದಿನದಿಂದ ಈ ಕಕ್ಕಸಿನ ಪಾಡು ನಡೆಯುತ್ತಲೇ ಇತ್ತು. ಈಗ ಹೇಳಿದರೆ ಜನ ನಗುತ್ತಾರೆ. ನಗಲಿ, ನನಗಂತೂ ಇನ್ನೂ ಮೈ ಉರಿಯುತ್ತದೆ.

ಎಂಬತ್ತರ ದಶಕದ ಮಾತು. ಆಂಡರ್ಸನ್‌ಪೇಟೆಯ ಮನೆಯಿಂದ ಹೊರಟು, ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆಯ ಸರ್ಕಾರಿ ಕಚೇರಿಯೊಂದಕ್ಕೆ ಟೈಪಿಸ್ಟಾಗಿ ಹೋಗುತ್ತಿದ್ದೆ. ಅಲ್ಲಿ ಕಕ್ಕಸು ಇರಲಿಲ್ಲ, ಹೆಂಗಸು ನಾನೊಬ್ಬಳೇ. ಮನೆಗೆ ಮರಳುವವರೆಗೆ ನೀರು ಮುಟ್ಟುತ್ತಿರಲಿಲ್ಲ. ಕುಡಿದರೆ ಹೋಗುವುದೆಲ್ಲಿಗೆ? ಗಂಡಸರಿಗಾದರೆ ಊರಿನ ಗೋಡೆಗಳೆಲ್ಲ ಇದ್ದವು.

ರೈಲು

ರೈಲಿನಲ್ಲಿ ಕಕ್ಕಸು ಇತ್ತು, ಅದರ ತುಂಬ ಹಾಲಿನ ಕ್ಯಾನುಗಳಿದ್ದವು. ಇವನ್ನು ಆಚೆ ತೆಗೆಯಪ್ಪ ಎಂದು ಕೇಳಿದರೆ ಹಾಲಿನವನು, “ಸೊಲ್ಪ ತಡ್ಕಳಕ್ಕಾ, ಬಂಗಾರಪೇಟೆ ಬಂದೇಬುಡ್ತು” ಎಂದ. ಆ ಹಾಲು ನಮ್ಮ ಕಚೇರಿ ಮುಂದಿನ ಟೀ ಅಂಗಡಿಗೇ ಹೋಗುತ್ತದೆಂದು ಗೊತ್ತಾದ ಮೇಲೆ ಟೀ ಬಿಡುವುದು ಕಷ್ಟವಾಗಲಿಲ್ಲ.

ಅರ್ಜಿ

ಹೆಂಗಸರಿಗೊಂದು ಕಕ್ಕಸು ಕಟ್ಟಿಸಿ ಎಂದು ಅರ್ಜಿ ಕೊಟ್ಟೆ. ಸಾಹೇಬರು ಕೆಂಪು ಶಾಯಿಯಲ್ಲಿ ಬರೆದರು: ‘ದಿನಕ್ಕೆ ಎಷ್ಟು ಸಲ ಬೇಕೆಂದು ಸ್ಪಷ್ಟಪಡಿಸುವುದು.’ ಇಡೀ ಕಚೇರಿ ಓದಿದ ಮೇಲೆ ಕಾಗದ ನನ್ನ ಮೇಜಿಗೆ ಬಂತು. ಅದನ್ನೇ ಮೆಷೀನಿಗೆ ಸಿಕ್ಕಿಸಿದೆ. ಕೆಳಗೆ ಉತ್ತರ ಟೈಪ್ ಮಾಡಿದೆ: ‘ತಾವು ಗೋಡೆಯ ಹತ್ತಿರ ಹೋಗುವಷ್ಟೇ ಸಲ.’

ಶೀಶೆ

ನೀರು ಕುಡಿಯದೆ ಉರಿಮೂತ್ರ, ಜ್ವರ ಬಂತು. ಹೀಗೇ ಮಾಡಿದರೆ ಕಿಡ್ನಿ ಹೋಗುತ್ತದೆ ಎಂದು ಡಾಕ್ಟರು ಬೈದು, ಮೂತ್ರ ಪರೀಕ್ಷೆಗೆ ಶೀಶೆ ಕೊಟ್ಟರು. ಎಲ್ಲಿಗೆ ಹೋಗಲಿ ಎಂದೆ. ಇಲ್ಲೂ ಕಕ್ಕಸು ಇಲ್ಲವಮ್ಮ, ನಾನೂ ಸಂಜೆತನಕ ನೀರು ಕುಡಿಯಲ್ಲ ಎಂದಳು ನರ್ಸಮ್ಮ. ಡಾಕ್ಟರು ಇನ್ನೊಂದು ಶೀಶೆ ತೆಗೆದು ಅವಳ ಕೈಗೂ ಕೊಟ್ಟರು.

ಬೀಗ

ಕೊನೆಗೂ ಕಟ್ಟಿಸಿದರು. ಬಳಸಿದರೆ ಗಲೀಜಾಗುತ್ತದೆಂದು ಸಾಹೇಬರು ಬೀಗ ಜಡಿದು, ಬೀಗದ ಕೈ ಜೇಬಿಗೆ ಹಾಕಿಕೊಂಡರು!

ಒಂದು ದಿನ ಅವರ ತಾಯಿ ಹಳ್ಳಿಯಿಂದ ಕಚೇರಿಗೆ ಬಂದರು. ಬಸ್ಸಿಳಿದವರೇ ನನ್ನ ಕಿವಿಯಲ್ಲಿ, ಎಲ್ಲಿಗೆ ಹೋಗಬೇಕೆಂದು ಕೇಳಿದರು. ಬೀಗದ ಕೈ ನಿಮ್ಮ ಮಗನ ಹತ್ತಿರ ಇದೆ ಎಂದೆ. ಮುದುಕಿ ಸೀದಾ ಅವರ ಮುಂದೆ ನಿಂತರು.

“ಎಣ್ಮಕ್ಳು ಓಗೋ ಜಾಗದ ಬೀಗದ್ ಕೈ ನೀನ್ಯಾಕ್ಲಾ ಇಟ್ಕಂಡಿದ್ದೀಯ?”

ಕಚೇರಿಯವರೆಲ್ಲ ಪೆನ್ನು ಕೆಳಗಿಟ್ಟರು. ಆಕೆ ಮಗನಿಂದ ಬೀಗದ ಕೈ ಇಸಿದುಕೊಂಡು ಹೋಗಿಬಂದು, ಅದನ್ನು ನನ್ನ ಅಂಗೈಯಲ್ಲಿಟ್ಟು, ಅವನಿಗೆ ಕೊಡಬೇಡ ಎಂದರು. ಅವತ್ತು ಕಚೇರಿಯ ಮಡಕೆಯಿಂದ ಎರಡು ಲೋಟ ನೀರು ಕುಡಿದೆ.

ಮುಂದಿನ ವಾರ ಸಾಹೇಬರಿಗೆ ಹೊಟ್ಟೆ ಕೆಟ್ಟಿತು. ಅದಕ್ಕೆ ಗೋಡೆ ಸಾಲದು. ಬೆವರುತ್ತ ಬಂದು ಬೀಗದ ಕೈ ಕೇಳಿದರು. ನಾನು ಒಂದು ಬಿಳಿ ಹಾಳೆಯನ್ನು ಅವರ ಮುಂದಿಟ್ಟೆ.

“ಅರ್ಜಿ ಬರೆದುಕೊಡಿ ಸಾರ್. ದಿನಕ್ಕೆ ಎಷ್ಟು ಸಲ ಅನ್ನೋದನ್ನ ಸ್ಪಷ್ಟಪಡಿಸಿ.”