ಅಕ್ಕನ ನಾಲಿಗೆಯೂ ಮಗಳ ಸಕ್ಕರೆಯೂ

ಜಗತ್ತಿನಲ್ಲಿ ನಮ್ಮಕ್ಕ ನಂಬುವುದು ಒಂದನ್ನೇ: ತನ್ನ ನಾಲಿಗೆಯನ್ನು! ಖಟಕ ಚಿಂಚೋಳಿಯಲ್ಲಿ ಕುರಿ ಸಾಕಿಕೊಂಡಿರುವ ಈಕೆ ಭಾಲ್ಕಿಯ ಬಜಾರಿಗೆ ಕಾಲಿಟ್ಟರೆ ಸಾಕು, ಬೆಲ್ಲದ ಅಂಗಡಿಯವರು ಪೆಂಟೆಗಳ ಮೇಲೆ ಗೋಣಿಚೀಲ ಹೊದಿಸುತ್ತಾರೆ. ಅಕ್ಕ ಬೆಲ್ಲ ಮುರಿದು ಬಾಯಿಗೆ ಹಾಕಿಕೊಳ್ಳುವುದನ್ನು ಎಲ್ಲರೂ ಕಂಡಿದ್ದಾರೆ. ಕೊಂಡದ್ದನ್ನು ಯಾರೂ ಕಂಡಿಲ್ಲ. ನನ್ನ ಮಗಳಿಗೆ ವರ ನೋಡಲು ಔರಾದಕ್ಕೆ ಹೋದಾಗ ಹುಡುಗನ ಮುಖವನ್ನೂ ನೋಡದೆ, ಅವರ ಬಾವಿಯ ನೀರು ಕುಡಿದು ಸಂಬಂಧ ಛಲೋ ಅದ ಎಂದು ತೀರ್ಪು ಕೊಟ್ಟಳು. ಅಳಿಯ ಇವತ್ತಿಗೂ ಆ ಬಾವಿಗೆ ಋಣಿ!

ಮಗಳು ಬಸುರಿಯಾದಳು. ಬೀದರಿನ ಆಸ್ಪತ್ರೆಯಲ್ಲಿ ಸಕ್ಕರೆ ಪರೀಕ್ಷೆಗೆಂದು ಗ್ಲೂಕೋಸ್ ನೀರು ಕೊಟ್ಟರು. ಅದು ಬಸುರಿಯ ತುಟಿಗೆ ತಲುಪುವ ಮೊದಲೇ ಅಕ್ಕ ರುಚಿ ನೋಡುತ್ತ ನೋಡುತ್ತ ಅರ್ಧ ಗ್ಲಾಸು ಮುಗಿಸಿದ್ದಳು. ಪರೀಕ್ಷೆ ಮರುದಿನಕ್ಕೆ ಹೋಯಿತು. ಮರುದಿನ ಅಕ್ಕನನ್ನು ಮೈಲೂರಿನ ನಮ್ಮ ಮನೆಯಲ್ಲೇ ಬಿಟ್ಟು ಹೋದೆವು. ಬಸುರಿನ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಮಗಳು ಅನ್ನ ಕಡಿಮೆ ಮಾಡಿದಳು, ನಾನು ನಿದ್ದೆ ಬಿಟ್ಟೆ. ನಮ್ಮ ಮನೆಯ ಚಿಂತೆಗಳಿಗೆಲ್ಲ ನಾನೇ ಗುತ್ತಿಗೆದಾರನಲ್ಲವೇ?

ಹೆರಿಗೆ ಸುಸೂತ್ರವಾಯಿತು. ಆದರೆ ಮಗಳು ಕೂಸಿಗೆ ಹಾಲು ಕೊಡಲೊಲ್ಲಳು! ತನ್ನ ಕಾಯಿಲೆ ಹಾಲಿನೊಳಗೆ ಇಳಿದು ಕೂಸಿಗೂ ಹತ್ತಿದರೆ ಎಂಬ ಹೆದರಿಕೆ. ಹಾಲಿನಿಂದ ಅದು ಹತ್ತುವುದಿಲ್ಲ, ಇಂಥ ಕೂಸುಗಳಿಗೆ ಮೈಯೊಳಗಿನ ಸಕ್ಕರೆ ತಟ್ಟನೆ ಇಳಿಯುವ ಭಯವಿರುತ್ತದೆ, ಬೇಗ ಕುಡಿಸಬೇಕು, ತಾಯಿಗೂ ಒಳ್ಳೆಯದು ಎಂದು ನರ್ಸಮ್ಮ ತಿಳಿಸಿ ಹೇಳಿದರು. ಮಗಳು ಅಳುತ್ತಲೇ ಒಲ್ಲೆ ಎಂದಳು. ನಾನೋ, ಎಲ್ಲರಿಗಿಂತ ಮೊದಲೇ ಹಾಲಿನ ಪುಡಿಯ ಡಬ್ಬಿ ತಂದು ತಬ್ಬಿಕೊಂಡು ನಿಂತಿದ್ದೆ!

ಅಕ್ಕ ನನ್ನನ್ನು ಪರದೆಯಾಚೆ ದಬ್ಬಿ, ಚಮಚದಲ್ಲಿ ಎರಡು ಹನಿ ಹಿಂಡಿಸಿಕೊಂಡಳು. ನಾಲಿಗೆ ಚಪ್ಪರಿಸಿದ ಸದ್ದು ಕೇಳಿಸಿತು.

"ಯವ್ವಾ, ಸೀ ಎಲ್ಲಿಂದು? ಉಪ್ಪುಪ್ಪು ಅದ. ಕುಡಸು."

ಉಪ್ಪೇ? ಸಕ್ಕರೆ ಹೋಗಿ ಬಿ.ಪಿ. ಬಂತೇ? ಆಚೆಯಿಂದಲೇ ಕೇಳಿಯೂ ಬಿಟ್ಟೆ.

"ಮೊದಲ ಹಾಲು ಹಂಗೇ ಇರ್ತದರಿ," ಎಂದರು ನರ್ಸಮ್ಮ. "ನೀವು ಬರ್ರಿ, ನಿಮ್ಮ ಬಿ.ಪಿ. ನೋಡ್ತೇನಿ."

ಮಗಳು ಅಳು ಮರೆತು ನಕ್ಕಳು. ನಗುನಗುತ್ತಲೇ ಕೂಸನ್ನು ಎದೆಗೆ ಹಚ್ಚಿಕೊಂಡಳು.

ಅಕ್ಕ ಹೊರಗೆ ಬಂದಳು. ಇನ್ನು ಯಾವುದರ ರುಚಿ ನೋಡುವುದು ಉಳಿಯಿತಕ್ಕಾ ಎಂದು ಛೇಡಿಸಿದೆ. ಆಕೆ ನಗಲಿಲ್ಲ.

"ನನ್ನ ಮೊದಲ ಹಾಲು ಕೆಟ್ಟದ್ದಂತ ಹಿರ್ಯಾರು ನೆಲಕ್ಕ ಹಿಂಡಿಸಿದ್ರು, ತಮ್ಮಾ. ನನ್ನ ಕೂಸಿಗಿ ಒಂದು ಹನಿ ಮುಟ್ಟಿಸಲಿಲ್ಲ. ಅದು ಹ್ಯಾಂಗಿರ್ತದಂತ ನನಗ ಇವತ್ತ ಗೊತ್ತಾಯ್ತು."

ಪರದೆಯಾಚೆ ಕೂಸು ಗುಟುಕರಿಸುತ್ತಿತ್ತು. ಅಕ್ಕ ಆ ಸದ್ದನ್ನು ಕೇಳುತ್ತ ಅಲ್ಲೇ ನಿಂತಳು.