ರಾಶಿ ಮುಂದೆ ಕೇಳಬಾರದ ಮಾತು

ನನ್ನ ಸೋದರಮಾವ ಸಿದ್ಧವಾಗಿ ಸಿಗುವ ಯಾವುದನ್ನೂ ನಂಬುವವರಲ್ಲ. ಬೆಳಗಾಗುವುದೊಂದನ್ನು ಮಾತ್ರ ತಾವೇ ಮಾಡಿಕೊಳ್ಳಲಾಗದೆ ಸುಮ್ಮನಿದ್ದಾರೆ! ಪಣಕಹಳ್ಳಿಯಲ್ಲಿ ರಾಗಿ ಬೆಳೆಯುವ ಈ ಮನುಷ್ಯ, ತಾಳವಾಡಿಯಲ್ಲಿ ಮುಚ್ಚಿಹೋದ ಬ್ರೌಸಿಂಗ್ ಸೆಂಟರಿನಿಂದ ಹಳೇ ಕಂಪ್ಯೂಟರೊಂದನ್ನು ತಂದು, ವೀಡಿಯೋ ನೋಡಿ ನೋಡಿಯೇ ಅದರ ವಿದ್ಯೆ ಕಲಿತರು.

ಸುಮ್ಮನೆ ಹಿಡಿದ ಹುಚ್ಚಲ್ಲ ಅದು. ಅತ್ತೆಗೆ ಗಂಟಲಿನ ಆಪರೇಷನ್ ಆಗಿ ಮಾತು ಹೋಗಿತ್ತು. ಅದಕ್ಕೆ ಮುಂಚೆಯೇ ಮಾವ ಅತ್ತೆಯ ದಿನನಿತ್ಯದ ಮಾತುಗಳನ್ನು, ಊಟಕ್ಕೆ ಕರೆಯುವುದರಿಂದ ಹಿಡಿದು ಸಂತೆಯಲ್ಲಿ ಚೌಕಾಸಿ ಮಾಡುವವರೆಗೆ, ಮೊಬೈಲಿನಲ್ಲಿ ಹಿಡಿದಿಟ್ಟಿದ್ದರು. ಪರದೆಯ ಮೇಲೆ ಒಂದೊಂದು ಮಾತಿಗೂ ಒಂದೊಂದು ಗುಂಡಿ; ಒತ್ತಿದರೆ ಅತ್ತೆಯ ದನಿ ಬರಬೇಕು. ಆ ಗುಂಡಿಗಳನ್ನು ಒದಗಿಸಲು ಟೂಲ್‌ಕಿಟ್ ಎಂಬ ತಂತ್ರಾಂಶ ಬೇಕಿತ್ತು, ಕಂಪ್ಯೂಟರಿಗೂ ಮೊಬೈಲಿಗೂ ಒಗ್ಗುವಂಥದ್ದು.

"ರೆಡಿಮೇಡ್ ಸಿಗುತ್ತಲ್ಲ ಮಾವ?" ಎಂದೆ.

"ಅದ್ನೂ ಆಕಿ ನೋಡ್ದಿ ಕಣ್ಲಾ. ಈ ಅಳೇ ಡಬ್ಬ ಒಲ್ಲೆ ಅಂತದೆ. ಸೋರ್ಸ್ ಇಳ್ಸಿವ್ನಿ, ನಾವೇ ಕಂಪೈಲ್ ಮಾಡ್ಕಬೇಕು."

ಸೋರ್ಸ್ ಎಂದರೆ ತೆನೆ, ಕಂಪೈಲ್ ಎಂದರೆ ಒಕ್ಕಣೆ ಎಂದು ಅವರೇ ಬಿಡಿಸಿ ಹೇಳಿದರು. ನಮ್ಮ ಕಡೆ ಕಣದಲ್ಲಿ ರಾಗಿ ರಾಶಿ ಅಳೆಯುವಾಗ ಚಪ್ಪಲಿ ಮೆಟ್ಟುವಂತಿಲ್ಲ, 'ಎಷ್ಟಾಯ್ತು' ಎಂದು ಕೇಳುವಂತಿಲ್ಲ. ಕೇಳಿದರೆ ಹುಲುಸು ಹೋಗುತ್ತದಂತೆ. ಮಾವ ಆ ಕಟ್ಟಳೆಯನ್ನೂ ಕಂಪ್ಯೂಟರ್ ಕೋಣೆಗೆ ತಂದರು. ಡಬ್ಬಕ್ಕೆ ವಿಭೂತಿ ಬಳಿದು, ಕೆಲಸ ಎಷ್ಟಾಯಿತೆಂಬ ಶೇಕಡಾವಾರು ಏರುವುದು ಕಾಣದಂತೆ ಪರದೆಯ ಮೂಲೆಗೆ ಕಾಗದ ಅಂಟಿಸಿದರು!

ಮೊದಲ ದಿನ ಮೊರ ಕೇಳಲು ಬಂದ ಪಕ್ಕದ ಮನೆಯಾಕೆ "ಎಷ್ಟಾಯ್ತಣ್ಣ?" ಎಂದುಬಿಟ್ಟರು. ಕಂಪ್ಯೂಟರಿನ ಒಕ್ಕಣೆ ಅಲ್ಲಿಗೇ ನಿಂತಿತು. ಯಾವುದೋ ಫೈಲು ಇಲ್ಲವೆಂದು ಪರದೆ ಸ್ಪಷ್ಟವಾಗಿ ಹೇಳುತ್ತಿತ್ತು. ಮಾವ ಅದನ್ನು ಓದಿದರು, ಫೈಲನ್ನೂ ಹುಡುಕಿ ಹಾಕಿದರು, ಬೈಗುಳ ಮಾತ್ರ ಆಕೆಗೇ. ಎರಡನೆಯ ಸಲ ಮೆಮೊರಿ ಸಾಲಲಿಲ್ಲ. ಅದಕ್ಕೆ ನನ್ನ ಕೆಮ್ಮು ಕಾರಣವಂತೆ.

ಮೂರನೆಯ ಸಲ ಬೆಳಿಗ್ಗೆ ಹಚ್ಚಿದ್ದು ಸಂಜೆಗೆ ಮುಗಿಯಿತು. "ಆಯ್ತು ಕಣ್ಲಾ!" ಎಂದು ಮಾವ ನನ್ನನ್ನು ಅಪ್ಪಿಕೊಂಡು ಕುಣಿದೇಬಿಟ್ಟರು. ಎರಡೇ ದಿನದಲ್ಲಿ ಗುಂಡಿಗಳೂ ಬಂದವು. ಅಷ್ಟಕ್ಕೆ ಬಿಡುತ್ತಾರೆಯೇ? ಅದೇ ಡಬ್ಬದಲ್ಲಿ ಮೊಬೈಲಿನ ಒಕ್ಕಣೆಯನ್ನೂ ಹಚ್ಚಿ, ಅದು ನಡೆಯುತ್ತಿರುವಾಗಲೇ ಅತ್ತೆಯನ್ನು ಕರೆದರು.

ಅತ್ತೆ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಬಂದು ಕುಳಿತರು. ಗುಂಡಿಗಳನ್ನೆಲ್ಲ ಒಮ್ಮೆ ನೋಡಿ, ಮಾವನ ಮುಖ ನೋಡಿ, ಒಂದನ್ನು ಒತ್ತಿದರು.

"ಎಷ್ಟಾಯ್ತು?"

ಸಂತೆಯಲ್ಲಿ ತರಕಾರಿಯವನನ್ನು ಕೇಳುತ್ತಿದ್ದ ಅದೇ ಜೋರು ದನಿ.

"ಮಾವ, ರಾಶಿ ನಡೀತಿದೆ" ಎಂದೆ.

"ಓದ್ರೆ ಓಗ್ಲಿ ಬುಡ್ಲಾ" ಎಂದು ಕಣ್ಣೊರೆಸಿಕೊಂಡು ಮಾವ ಅತ್ತೆಯ ಪಕ್ಕ ಕುಳಿತರು. "ಇನ್ನೊಂದ್ಸಲ ಕೇಳಮ್ಮಿ."