ಬ್ಯಾಡಗಿಯ ಪಡಸಾಲೆಯಲ್ಲೊಂದು ಖೋ

ಕಾಲೇಜನ್ನು ನಾವು ಬಿಡುವುದು ಸುಲಭ. ಕಾಲೇಜು ನಮ್ಮನ್ನು ಬಿಡಬೇಕಲ್ಲ! ರಾಣೇಬೆನ್ನೂರಿನ ಕಾಲೇಜಿನಿಂದ ನಾನು ಹೊರಬಿದ್ದು ಇಪ್ಪತ್ತೈದು ವರ್ಷಗಳ ಮೇಲಾಯಿತು. ಈಗ ಹಾವೇರಿಯ ಕೋರ್ಟಿನಲ್ಲಿ ಗುಮಾಸ್ತ. ವಾರವಿಡೀ ಕಡತ ಎತ್ತಿಟ್ಟು ಸೊಂಟ ಹಿಡಿದಿರುತ್ತದೆ. ರವಿವಾರ ಬಂತೆಂದರೆ ಹಳೆಯ ವಿದ್ಯಾರ್ಥಿಗಳ ಸಂಘದ ಫೋನು. ಒಂದು ಕಾಲಕ್ಕೆ ನಾನು ಖೋ-ಖೋ ತಂಡದ ನಾಯಕ, ಜೊತೆಗೆ ಬಿ.ಕಾಂ.ನಲ್ಲಿ ಫಸ್ಟ್ ಕ್ಲಾಸು. ಆಟ-ಪಾಠ ಎರಡನ್ನೂ ನಿಭಾಯಿಸಿದವನು ಎಂದು ಅವರು ನನ್ನನ್ನು ಕಂಡಕಂಡಲ್ಲಿ ತೋರಿಸುತ್ತಾರೆ. ಹೇಗೆ ನಿಭಾಯಿಸಿದೆ ಎಂದು ಮಾತ್ರ ಯಾರೂ ಕೇಳಿಲ್ಲ. ಬೆಳಿಗ್ಗೆ ಮೈದಾನ, ಸಂಜೆ ಮೈದಾನ, ನಡುವೆ ತರಗತಿಯಲ್ಲಿ ನೆಟ್ಟಗೆ ಕುಳಿತು ನಿದ್ದೆ. ಓದೆಲ್ಲ ಹಾವೇರಿಯ ಮನೆಗೆ ಹೋಗಿಬರುವ ರೈಲಿನಲ್ಲಿ ನಿಂತುಕೊಂಡು. ಆಗ ಕೆಟ್ಟ ನಿದ್ದೆ ಇನ್ನೂ ಸರಿಹೋಗಿಲ್ಲ.

ಈ ಸಲ ಫೋನು ಮಾಡಿದವರು ಕಾಲೇಜಿನ ಆಟದ ಮಾಸ್ತರರು. "ಬ್ಯಾಡಗಿಗೆ ಬರಬೇಕ್ರಿ. ನಮ್ಮ ಸವಿತಾ ಖೋ-ಖೋದಾಗ ಛಲೋ ಓಡತಾಳ. ಓದು ಹಾಳಾಗತೈತಿ ಅಂತ ಅವರಪ್ಪ ಆಟ ಬಿಡಸಾಕ ಹೊಂಟಾರ. ಮುಂದಿನ ವಾರ ಯುನಿವರ್ಸಿಟಿ ತಂಡದ ಆಯ್ಕೆ ಐತಿ. ನೀವ ಒಂದ್ ಮಾತ ಹೇಳ್ರಿ."

ಸವಿತಾಳಿಗೆ ಅದು ಕಾಲೇಜಿನ ಕೊನೆಯ ವರ್ಷ. ಈ ಸಲ ತಪ್ಪಿದರೆ ಆಟ ಅಲ್ಲಿಗೇ ಮುಗಿಯಿತು. ಹೆಂಡತಿ ಬಾಗಿಲಲ್ಲಿ ನಿಂತು, "ರವಿವಾರನೂ ಮನ್ಯಾಗ ಇರಬ್ಯಾಡ್ರಿ ಮತ್ತ," ಎಂದಳು. ಹೋದೆ.

ಸವಿತಾಳ ಅಪ್ಪ ಚನ್ನಬಸಪ್ಪನವರು ಮೆಣಸಿನಕಾಯಿ ವ್ಯಾಪಾರಿ. ಮಾತಿಗೆ ಮೊದಲು ರೊಟ್ಟಿ ಊಟ, ಮೇಲೆ ದೊಡ್ಡ ಲೋಟದಲ್ಲಿ ಮಜ್ಜಿಗೆ. ಪಡಸಾಲೆಯಲ್ಲಿ ಫ್ಯಾನು ತಿರುಗುತ್ತಿತ್ತು, ಮಾಸ್ತರರು ಆಟದ ಮಹತ್ವ ಹೇಳತೊಡಗಿದರು. ನಾನು ಹಳೆಯ ಅಭ್ಯಾಸದಂತೆ ನೆಟ್ಟಗೆ ಕುಳಿತೇ ನಿದ್ದೆಹೋದೆ. "ಈಗ ನೀವ ಹೇಳ್ರಿ," ಎಂದು ಚನ್ನಬಸಪ್ಪನವರು ನನ್ನ ಕಡೆ ತಿರುಗಿದರಂತೆ. ಕುರ್ಚಿಯ ಹಿಂದೆ ನಿಂತಿದ್ದ ಸವಿತಾ ಗಾಬರಿಯಾಗಿ, ಎಬ್ಬಿಸಲೆಂದು ನನ್ನ ಬೆನ್ನು ತಟ್ಟಿದಳು. ಬೆನ್ನು ತಟ್ಟಿದ ಮೇಲೆ ಆಟಗಾರ್ತಿಯ ಬಾಯಿಂದ ಇನ್ನೇನು ಬಂದೀತು? "ಖೋ!"

ಖೋ ಕೊಟ್ಟರೆ ಯಾಕೆ ಎಂದು ಕೇಳುವಂತಿಲ್ಲ, ಎದ್ದು ಓಡಬೇಕು. ಓಡಿದೆ. ಹೊಸಿಲು ದಾಟಿ, ಕಟ್ಟೆ ಹಾರಿ, ಬರಿಗಾಲಲ್ಲಿ ಬೀದಿಯ ಕೊನೆಯ ಕರೆಂಟು ಕಂಬದವರೆಗೆ. ಆಟದಲ್ಲಿ ಕಂಬ ಸುತ್ತದೆ ಹಿಂದಿರುಗುವಂತಿಲ್ಲವಲ್ಲ, ಅದನ್ನೂ ಸುತ್ತಿ ವಾಪಸು ಬರುವಾಗ ಪೂರ್ತಿ ಎಚ್ಚರವಾಯಿತು.

ಚನ್ನಬಸಪ್ಪನವರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. "ಇಷ್ಟು ವರ್ಷಾದ್ರೂ ಕಾಲು ಮರತಿಲ್ಲ ನೋಡ್ರಿ! ಕ್ಲಾಸಿನ್ಯಾಗ ಕಲತದ್ದು ಏನರ ನೆನಪೈತೇನ್ರಿ?"

ನಿದ್ದೆಗಣ್ಣಲ್ಲಿ ಸುಳ್ಳು ಹೊಳೆಯಲಿಲ್ಲ. "ಇಲ್ರಿ," ಎಂದೆ. ಮಾಸ್ತರರ ಮುಖ ಬಾಡಿತು. ಸವಿತಾ ತಲೆ ತಗ್ಗಿಸಿದಳು. ಹುಡುಗಿಯ ಆಟವನ್ನು ನಾನೇ ಮುಗಿಸಿಬಿಟ್ಟೆನಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ಚನ್ನಬಸಪ್ಪನವರು ಮಗಳ ಕಡೆ ನೋಡಿ, "ಆಡ್ಲಿ ಬಿಡ್ರಿ. ಕಲತದ್ದರಾಗ ಒಂದರ ಕಡೀತನಕ ಉಳೀಲಿ," ಎಂದರು. "ಆದ್ರ ಪರೀಕ್ಷಾದಾಗ ನಪಾಸಾಗಬಾರದು. ರವಿವಾರಕ್ಕೊಮ್ಮೆ ನೀವ ಬಂದು ಆಕಿ ಓದು ನೋಡ್ರಿ. ನಿಮಗೂ ಮರತದ್ದು ನೆನಪಾದೀತು."

ಸವಿತಾ ಆಯ್ಕೆಯಾದಳು. ನಾನು ಈಗ ಮತ್ತೆ ರೈಲಿನಲ್ಲಿ ನಿಂತುಕೊಂಡು ಬಿ.ಕಾಂ. ಓದುತ್ತಿದ್ದೇನೆ. ಬ್ಯಾಡಗಿಗೆ ಹೋಗಿ ಪುಸ್ತಕ ತೆರೆಯುವಷ್ಟರಲ್ಲಿ, ಬೆಳಗಿನ ಅಭ್ಯಾಸ ಮುಗಿಸಿ ಬಂದ ಹುಡುಗಿ ಎದುರಿಗೆ ನೆಟ್ಟಗೆ ಕುಳಿತೇ ನಿದ್ದೆಹೋಗಿರುತ್ತಾಳೆ. ಬೆನ್ನು ತಟ್ಟಲು ಕೈಯೆತ್ತುತ್ತೇನೆ. ಆದರೆ ಅವಳು ಎದ್ದು ಓಡಿದರೆ ಹಿಂದೆ ಓಡಿ ಹಿಡಿಯುವ ಶಕ್ತಿ ನನಗಿಲ್ಲ. ಪುಸ್ತಕ ಮುಚ್ಚಿ ನಾನೂ ನೆಟ್ಟಗೆ ಕೂರುತ್ತೇನೆ.